ಅಂಚಿನ ಮಾತು
(ಬಾನುಲಿ ಭಾಷಣ)



ಇಂದು ನಾನು ಮಾತಿಗೆ ಎತ್ತಿಕೊಂಡಿರುವ ವಸ್ತು ಬಹಳ ಚಿಕ್ಕದು. ಅಳತೆಯಲ್ಲಿಯೇ ಹೇಳುವುದಾದರೆ ಅದರ ಅಗಲ ಕಾಲಂಗುಲ, ಹೆಚ್ಚೆಂದರೆ ಒಂದಂಗುಲ. ಆರತಿ ತಟ್ಟೆಯ ಮೇಲೆ ಹೊದಿಸುವ ಚೌಕ, ಕೂಸಿನ ಕುಂಚಿಗೆ, ಕುಲಾವಿ, ಕರವಸ್ತ್ರ, ಕೈಚೀಲದ ಬಾಯಿ, ಇಂಥ ಸಣ್ಣಪುಟ್ಟ ಕಸೂತಿಯ ವಸ್ತ್ರಗಳಿಗೆ ಕೊನೆಯಲ್ಲಿ ಹಾಕುವ ಅಂಚು, ಆ ಅಂಚಿಗೆ ಕೂಡಿಸುವ ಲೇಸು, ಕುಚ್ಚು, ಗೊಂಡೆ, ಇವೇ ನನ್ನ ವಿಷಯ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಾಲೇಜಿನಲ್ಲಿ ಪಂಪ ರನ್ನರ ಪಾಠ ಹೇಳಿದವನಿಗೆ ಈ ಸೂಜಿದಾರದ ಉಸಾಬರಿ ಏಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ನನ್ನ ಮೇಲೆ ಒಂದು ಹಳೆಯ ಸಾಲವಿದೆ, ಅದನ್ನು ತೀರಿಸಬೇಕಾಗಿದೆ ಎಂದಷ್ಟೇ ಈಗ ಹೇಳುತ್ತೇನೆ. ಸಾಲ ಯಾರದು, ಹೇಗಾಯಿತು ಎಂಬುದು ಮುಂದೆ ತಾನಾಗಿಯೇ ಬರುತ್ತದೆ.

ಮೊದಲು ಬಟ್ಟೆಯ ಸ್ವಭಾವವನ್ನು ನೋಡೋಣ. ಮಗ್ಗದಲ್ಲಿ ಹಾಸಿನ ಎಳೆಗಳ ನಡುವೆ ಹೊಕ್ಕಿನ ಎಳೆ ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ; ಕೊನೆ ಮುಟ್ಟಿದಾಗ ತಿರುಗಿ ಬರುತ್ತದೆ. ಆ ತಿರುವಿನಲ್ಲಿಯೇ ಬಟ್ಟೆಗೆ ಸಹಜವಾದ ಅಂಚು ಹುಟ್ಟುತ್ತದೆ. ನೇಕಾರನು ನೇಯುತ್ತ ನೇಯುತ್ತಲೇ ಎರಡು ಬದಿಯ ಕಾವಲನ್ನೂ ಕಟ್ಟಿಕೊಂಡು ಬಂದಿರುತ್ತಾನೆ. ಆದರೆ ಆ ಬಟ್ಟೆಯ ನಡುವಿನಿಂದ ಒಂದು ಚೌಕವನ್ನು ಕತ್ತರಿಸಿ ತೆಗೆದೆವೆನ್ನಿ. ಆಗ ಅದರ ನಾಲ್ಕು ಬದಿಗಳೂ ಅನಾಥ. ಎಲ್ಲ ಎಳೆಗಳ ತುದಿಯೂ ಬಿಚ್ಚಿಕೊಂಡಿದೆ. ಹಿಡಿದು ಎಳೆದರೆ ಒಂದೊಂದಾಗಿ ಕೈಗೆ ಬರುತ್ತವೆ. ನಾಲ್ಕು ಸಲ ಒಗೆದರೆ ಆ ಚೌಕ ತನ್ನಷ್ಟಕ್ಕೆ ತಾನೇ ಕರಗಿ ಕಿರಿದಾಗುತ್ತದೆ. ನಡುವೆ ಎಂಥ ಗೋಪುರವನ್ನೇ ಕಟ್ಟಿರಲಿ, ಎಂಥ ನವಿಲನ್ನೇ ಕುಣಿಸಿರಲಿ, ಬದಿಯಿಂದ ಬಂದ ಬಿಚ್ಚುವಿಕೆ ಒಂದು ದಿನ ಅವುಗಳ ಬುಡವನ್ನು ಮುಟ್ಟಿಯೇ ಮುಟ್ಟುತ್ತದೆ. ಹೀಗಾಗಿ ಅಂಚಿನ ಮೊದಲ ಕೆಲಸ ಕಾವಲು. ಅಲಂಕಾರ ಆಮೇಲೆ ಬಂದದ್ದು. ಕಾಯುವವನಿಗೆ ಒಂದು ಒಳ್ಳೆಯ ರುಮಾಲು ಸುತ್ತಿದರೆ ಕಾವಲೇನೂ ಕೆಡುವುದಿಲ್ಲ ಎಂದು ನಮ್ಮ ಹೆಣ್ಣುಮಕ್ಕಳು ಅದನ್ನು ಚೆಲುವಾಗಿಯೂ ಮಾಡಿದರು.

ವೃತ್ತಿಯ ಚಪಲ ಬಿಡುವುದಿಲ್ಲ. ಅಂಚಿಗೆ ಸಂಬಂಧಪಟ್ಟ ಕೆಲವು ಶಬ್ದಗಳನ್ನು ಇಲ್ಲಿ ನೆನೆಯಲು ನನಗೆ ಅಪ್ಪಣೆಯಾಗಬೇಕು. ನಮ್ಮ ಭಾಷೆಯಲ್ಲಿ ‘ಕರೆ’ ಎಂಬ ಹಳೆಯ ಮಾತಿದೆ. ನದಿಯ ದಡವೂ ಕರೆ, ಬಟ್ಟೆಯ ಅಂಚೂ ಕರೆ. ನೀರು ತನ್ನ ಪಾತ್ರವನ್ನು ಮೀರಿ ಹರಿದು ಹೋಗದಂತೆ ತಡೆಯುವುದಕ್ಕೂ ಎಳೆ ತನ್ನ ನೇಯ್ಗೆಯನ್ನು ಬಿಟ್ಟು ಹೋಗದಂತೆ ತಡೆಯುವುದಕ್ಕೂ ಒಂದೇ ಹೆಸರು. ಈ ಹೆಸರಿಟ್ಟವರು ಹೊಳೆಯನ್ನೂ ಬಟ್ಟೆಯನ್ನೂ ಒಂದೇ ಕಣ್ಣಿನಿಂದ ನೋಡಿದ್ದರೆಂದು ತೋರುತ್ತದೆ. ಸಂಸ್ಕೃತದ ‘ದಶಾ’ ಶಬ್ದ ಇನ್ನೂ ವಿಚಿತ್ರವಾದದ್ದು. ವಸ್ತ್ರದ ಕೊನೆಯಲ್ಲಿ ಇಳಿಬಿಟ್ಟ ಎಳೆಗಳಿಗೆ ದಶಾ ಎಂದು ಹೆಸರು. ದೀಪದ ಬತ್ತಿಗೂ ಅದೇ ಹೆಸರು. ಮನುಷ್ಯನ ಬಾಳಿನ ಅವಸ್ಥೆಗೂ ಅದೇ ಹೆಸರು. ಬಾಲ್ಯದೆಸೆ, ವೃದ್ಧದೆಸೆ ಎನ್ನುವಾಗ ನಾವು ಬಟ್ಟೆಯ ಕುಚ್ಚಿನ ಹೆಸರನ್ನೇ ಹೇಳುತ್ತಿರುತ್ತೇವೆ ಎಂಬುದು ನಮಗೆ ಹೊಳೆಯುವುದೇ ಇಲ್ಲ. ಇನ್ನು ‘ಲೇಸು’. ಇಂಗ್ಲಿಷಿನಿಂದ ಬಂದ ಲೇಸಿನ ಮೂಲ ಲ್ಯಾಟಿನ್ ಭಾಷೆಯಲ್ಲಿ ಕುಣಿಕೆ ಅಥವಾ ಉರುಳು ಎಂಬ ಅರ್ಥದ ಒಂದು ಶಬ್ದ. ಕನ್ನಡದ ಲೇಸಿಗೆ ಒಳಿತು ಎಂದರ್ಥ. ಧ್ವನಿ ಒಂದೇ, ಬೇರು ಬೇರೆ. ಅಂಗಡಿಯಿಂದ ತಂದ ಲೇಸು ವಸ್ತ್ರಕ್ಕೆ ಲೇಸಾಗುತ್ತದೆಯೋ ಉರುಳಾಗುತ್ತದೆಯೋ ಎಂಬ ಪ್ರಶ್ನೆ ನನ್ನ ಕಥೆಯಲ್ಲಿ ಮುಂದೆ ಬರಲಿದೆ.

ನಾನು ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ. ಕಸೂತಿ ಎಂದರೆ ನಮ್ಮ ಕಡೆ ಯಾವುದೋ ಒಂದು ಹೊಲಿಗೆಯ ಹೆಸರಲ್ಲ, ಮನೆಯ ಒಂದು ವಿದ್ಯೆ. ಇಳಕಲ್ಲ ಸೀರೆಯ ಸೆರಗಿನ ಮೇಲೆ, ಗುಳೇದಗುಡ್ಡದ ಖಣದ ಕುಪ್ಪಸದ ಮೇಲೆ, ಕೂಸಿನ ಕುಂಚಿಗೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ಪಲ್ಲಕ್ಕಿ, ಆನೆ, ನವಿಲುಗಳನ್ನು ತುಂಬುವ ಕೆಲಸ ಅದು. ಮೊದಲು ಚಿತ್ರ ಬರೆದುಕೊಂಡು ಅದರ ಮೇಲೆ ಹೊಲಿಯುವ ಪದ್ಧತಿ ಇದರಲ್ಲಿಲ್ಲ. ಬಟ್ಟೆಯ ಹಾಸು ಹೊಕ್ಕುಗಳ ಎಳೆಗಳನ್ನು ಎಣಿಸಿ, ಎಣಿಕೆಯಿಂದಲೇ ಆಕಾರವನ್ನು ಹುಟ್ಟಿಸಬೇಕು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಹೊಲಿಗೆಗಳು. ಗವಂತಿಯಲ್ಲಿ ಸೂಜಿ ಒಂದು ಸಲ ಒಂದೊಂದು ಮನೆ ಬಿಟ್ಟು ಮುಂದಕ್ಕೆ ಹೋಗುತ್ತದೆ. ಬಿಟ್ಟ ಮನೆಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಈ ಎರಡರಲ್ಲಿಯೂ ಬಟ್ಟೆಯ ಮುಖ ಬೆನ್ನುಗಳು ಒಂದೇ ತೆರನಾಗಿ ಕಾಣಬೇಕು. ಎಲ್ಲಿಯೂ ಗಂಟು ಇರಕೂಡದು. ನೇಗಿ ನೇಯ್ಗೆಯಂತೆ ಕಾಣುತ್ತದೆ; ಮೆಂತೆ ಮೆಂತೆಯ ಕಾಳು ಚೆಲ್ಲಿದಂತೆ. ಈ ಕಸೂತಿಗೆ ಇಂದು ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ.

ಮೂವತ್ತು ವರ್ಷಗಳ ಹಿಂದೆ ನಾನು ಕಸೂತಿಯನ್ನು ಕುರಿತು ಒಂದು ಲೇಖನ ಬರೆದೆ. ಕಸೂತಿಯ ಗೋಪುರಕ್ಕೂ ನಮ್ಮ ದೇವಾಲಯಗಳ ಗೋಪುರಕ್ಕೂ ಇರುವ ಹೋಲಿಕೆ, ಎಣಿಕೆಯ ಹೊಲಿಗೆಗೂ ಛಂದಸ್ಸಿನ ಮಾತ್ರೆಗಳಿಗೂ ಇರುವ ಸಾದೃಶ್ಯ, ಹೀಗೆ ನನಗೆ ತಿಳಿದ ಪಾಂಡಿತ್ಯವನ್ನೆಲ್ಲ ಅದರಲ್ಲಿ ಸುರಿದಿದ್ದೆ. ಅಚ್ಚಾದ ಮೇಲೆ ಅದನ್ನು ನಮ್ಮಕ್ಕನ ಮುಂದೆ ಓದಿದೆ. ಅಕ್ಕ ನನಗಿಂತ ಎಂಟು ವರ್ಷ ಹಿರಿಯಳು. ಹತ್ತನೆಯ ವಯಸ್ಸಿನಿಂದ ಕಸೂತಿ ಹಾಕಿದವಳು. ನನ್ನ ಲೇಖನದ ಸಾಮಗ್ರಿಯೆಲ್ಲ ಅವಳ ಪೆಟ್ಟಿಗೆಯಿಂದ ಬಂದದ್ದು. ಅವಳು ಕೊನೆಯವರೆಗೆ ಸುಮ್ಮನೆ ಕೇಳಿ, “ಎಲ್ಲಾ ಛಂದ ಬರದೀಯೋ ತಮ್ಮಾ. ಆದರ ಅಂಚಿನ ಸುದ್ದಿ ಎಲ್ಲೂ ಬರಲೇ ಇಲ್ಲಲ್ಲ?” ಎಂದಳು. “ಅಂಚಿನಾಗ ಬರೀಲಿಕ್ಕೆ ಏನದ ಅಕ್ಕಾ? ಅದು ಎಲ್ಲಾ ಮುಗದ ಮ್ಯಾಲ ಹಾಕೋದಲ್ಲ?” ಎಂದೆ ನಾನು. ಅಕ್ಕ ಮತ್ತೇನೂ ಹೇಳಲಿಲ್ಲ. ಕೈಯಲ್ಲಿದ್ದ ಕುಂಚಿಗೆಯ ಅಂಚನ್ನು ಹೊಲಿಯುತ್ತ ಕುಳಿತಳು. ನಾನು ಹೇಳಿದ ಸಾಲ ಇದೇ.

ಕಾಲ ಹೋಯಿತು. ಅಕ್ಕನಿಗೆ ಎಪ್ಪತ್ತು ದಾಟಿತು. ಒಂದು ದಿನ ನವಿಲಿನ ಕೊರಳಿನಲ್ಲಿ ಎಣಿಕೆ ತಪ್ಪಿತು. ಬಿಚ್ಚಿ ಮತ್ತೆ ಹಾಕಿದಳು; ಮತ್ತೆ ತಪ್ಪಿತು. ಕನ್ನಡಕ ಬದಲಾಯಿಸಿದ್ದಾಯಿತು, ದೀಪ ಬದಲಾಯಿಸಿದ್ದಾಯಿತು. ಕಣ್ಣಿನ ಪರೆಯ ಹಿಂದಿನ ಪಟಲವೇ ಸವೆದಿದೆ, ಬದಿಯ ನೋಟ ಉಳಿಯುತ್ತದೆ, ನಟ್ಟನಡುವಿನ ನೋಟ ಮಂಜಾಗುತ್ತ ಹೋಗುತ್ತದೆ ಎಂದು ವೈದ್ಯರು ಹೇಳಿದರು. ಓಡಾಡುವುದಕ್ಕೆ, ಮನೆಯ ಕೆಲಸಕ್ಕೆ ತೊಂದರೆಯಿಲ್ಲ. ಆದರೆ ಎಳೆ ಎಣಿಸುವುದು ಇನ್ನು ಸಾಧ್ಯವಿಲ್ಲ. ಅರವತ್ತು ವರ್ಷ ಎಳೆ ಎಣಿಸಿದವಳಿಗೆ ಈ ಮಾತಿನ ಅರ್ಥ ಏನೆಂಬುದನ್ನು ನೀವೇ ಊಹಿಸಿ. ಅವಳು ಅಳಲಿಲ್ಲ. ಸೂಜಿಯ ಪೆಟ್ಟಿಗೆಯನ್ನು ಅಟ್ಟದ ಮೇಲೆ ಇಡಿಸಿದಳು. ಒಂದು ವರ್ಷ ಅದು ಕೆಳಗೆ ಇಳಿಯಲಿಲ್ಲ.

ಅದನ್ನು ಇಳಿಸಿದವಳು ಅಕ್ಕನ ಮೊಮ್ಮಗಳು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗಿ. ರಜೆಯ ದಿನಗಳಲ್ಲಿ ಕೂತು ಕಸೂತಿ ಕಲಿತಿದ್ದಳು. ಎಳೆಗಳು ಎಣಿಕೆಗೆ ಸಿಗುವ ಮ್ಯಾಟಿ ಬಟ್ಟೆಯ ಮೇಲೆ ಹತ್ತಂಗುಲದ ಒಂದು ಚೌಕದಲ್ಲಿ ನಾಲ್ಕು ಮೂಲೆಗೆ ನಾಲ್ಕು ಗೋಪುರ, ನಡುವೆ ಒಂದು ತುಳಸಿಕಟ್ಟೆ. ಮೊದಲ ಕೆಲಸವಾದರೂ ಎಣಿಕೆ ಎಲ್ಲಿಯೂ ತಪ್ಪಿರಲಿಲ್ಲ. ಅದಕ್ಕೆ ಅಂಚು ಬೇಕಲ್ಲ; ಅಂಗಡಿಯಿಂದ ನೈಲಾನಿನ ಬಿಳಿಯ ಲೇಸು ತಂದು ಯಂತ್ರದ ಮೇಲೆ ಸುತ್ತಲೂ ಹೊಲಿದುಬಿಟ್ಟಳು. ಹೊಲಿದ ದಿನ ಬಹಳ ಚೆನ್ನಾಗಿ ಕಂಡಿತಂತೆ. ಒಂದು ಸಲ ಒಗೆದ ಮೇಲೆ ನೋಡಿದರೆ ನಾಲ್ಕು ಬದಿಯೂ ಸುಕ್ಕು, ಮೂಲೆಗಳು ಬಟ್ಟಲಿನಂತೆ ಮೇಲಕ್ಕೆದ್ದಿವೆ, ಗೋಪುರಗಳು ವಾಲಿವೆ. ಮೂರು ತಿಂಗಳ ಕೆಲಸ ಹೀಗಾಯಿತಲ್ಲ ಎಂದು ಹುಡುಗಿ ಅದನ್ನು ತಂದು ಅಜ್ಜಿಯ ಮಡಿಲಿಗೆ ಹಾಕಿದಳು.

ಅಕ್ಕ ಅದನ್ನು ಕಣ್ಣಿನ ಹತ್ತಿರ ಹಿಡಿಯಲಿಲ್ಲ. ಬೆರಳುಗಳಿಂದ ನಡುವೆ ಸವರಿದಳು, ಬೆನ್ನಿನ ಮೇಲೆ ಸವರಿದಳು. ಆಮೇಲೆ ಅಂಚಿನ ಗುಂಟ ಹೆಬ್ಬೆರಳನ್ನು ಒಂದು ಸುತ್ತು ತಂದಳು. “ಕಸೂತಿ ಛಂದ ಅದ ಕೂಸ. ಅಂಚು ಅದರ ಕುತ್ತಗಿ ಹಿಡದದ” ಎಂದಳು. ಲೇಸಿಗೆ ಉರುಳು ಎಂಬ ಹಳೆಯ ಅರ್ಥವಿದೆಯೆಂಬುದು ಅಕ್ಕನಿಗೆ ತಿಳಿದಿರಲು ಸಾಧ್ಯವಿಲ್ಲ. ಅವಳ ಹೆಬ್ಬೆರಳಿಗೆ ಅದು ತಿಳಿಯಿತು.

ಆ ದಿನ ಅಕ್ಕ ಮೊಮ್ಮಗಳಿಗೆ ಹೇಳಿದ ಪಾಠವನ್ನು ನಾನೂ ಬದಿಯಲ್ಲಿ ಕುಳಿತು ಕೇಳಿದೆ. ಅದರ ಸಾರ ಇಷ್ಟು. ತಪ್ಪು ಮೂರು ಕಡೆ ಆಗಿದೆ. ಮೊದಲನೆಯದು, ಹತ್ತಿಯ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆ, ನೈಲಾನು ಕುಗ್ಗುವುದಿಲ್ಲ. ಕುಗ್ಗುವುದನ್ನೂ ಕುಗ್ಗದಿರುವುದನ್ನೂ ಬಿಗಿಯಾಗಿ ಹೊಲಿದು ಕೂಡಿಸಿದರೆ ಸುಕ್ಕು ಬೀಳದೆ ಬೇರೆ ದಾರಿಯಿಲ್ಲ. ಹತ್ತಿಗೆ ಹತ್ತಿಯ ಅಂಚೇ ಆಗಬೇಕು. ಅದನ್ನೂ ಬಟ್ಟೆಯನ್ನೂ ಹೊಲಿಯುವ ಮೊದಲೇ ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ ಒಣಗಿಸಿಕೊಳ್ಳಬೇಕು. ಬಣ್ಣದ ಅಂಚಾದರೆ ಅದು ಬಣ್ಣ ಬಿಡುವಂಥದೇ ಅಲ್ಲವೇ ಎಂಬುದೂ ಆಗಲೇ ತಿಳಿಯುತ್ತದೆ.

ಎರಡನೆಯದು ಮೂಲೆ. ಹತ್ತಂಗುಲದ ಚೌಕದ ಸುತ್ತಳತೆ ನಲವತ್ತಂಗುಲ. ಅದಕ್ಕೆ ಒಂದಂಗುಲ ಅಗಲದ ಲೇಸು ಹಾಕಿದರೆ ಲೇಸಿನ ಹೊರ ಅಂಚು ಹನ್ನೆರಡಂಗುಲದ ಚೌಕವಾಯಿತು; ಅದರ ಸುತ್ತಳತೆ ನಲವತ್ತೆಂಟು. ಒಳಗೆ ನಲವತ್ತು, ಹೊರಗೆ ನಲವತ್ತೆಂಟು. ನಡುವಿನ ಎಂಟಂಗುಲ ಎಲ್ಲಿಂದ ಬರಬೇಕು? ನಾಲ್ಕು ಮೂಲೆಗಳಲ್ಲಿ ಎರಡೆರಡು ಅಂಗುಲದಂತೆ ಲೇಸನ್ನು ನೆರಿಗೆ ಮಾಡಿ ಹೆಚ್ಚಿಗೆ ಬಿಡಬೇಕು. ನನ್ನ ಹುಡುಗಿ ಅಳೆದದ್ದು ನಲವತ್ತೇ ಅಂಗುಲ. “ಮೂಲ್ಯಾಗ ಜಿಪುಣತನ ಮಾಡಬಾರದವ್ವಾ. ತಿರುಗೋ ಕಡೆ ಎಲ್ಲಾರಿಗೂ ಸ್ವಲ್ಪ ಜಾಗಾ ಬೇಕು” ಎಂದಳು ಅಕ್ಕ. ನಾನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ, ಸರಿಯಾಗಿಯೇ ಇತ್ತು. ಅಕ್ಕ ಶಾಲೆ ಬಿಟ್ಟದ್ದು ಆರನೆಯ ಇಯತ್ತೆಗೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರಿತು. ಕಸೂತಿಯ ಗುಣ ಎರಡು ಮುಖ ಒಂದಾಗಿರುವುದು. ಲೇಸನ್ನು ಮೇಲಿನಿಂದ ಇಟ್ಟು ಹೊಲಿದರೆ ಮುಖದ ಕಡೆ ಚೆಲುವು, ಬೆನ್ನಿನ ಕಡೆ ಕತ್ತರಿಸಿದ ಎಳೆಗಳ ಜುಂಜು. ನಡುವೆ ಮುಚ್ಚುಮರೆಯಿಲ್ಲದ ಕೆಲಸ, ಬದಿಯಲ್ಲಿ ಮುಚ್ಚಿಡುವ ಕೆಲಸ. “ನಡುವಿನ ಮಾತು ಒಂದು, ಕಡೀ ಮಾತು ಒಂದು ಆಗಬಾರದು” ಎಂಬುದು ಅಕ್ಕನ ತೀರ್ಪು. ಅಂಚು ವಸ್ತ್ರದ ಸ್ವಭಾವಕ್ಕೆ ಒಪ್ಪಬೇಕು. ಎರಡು ಮುಖದ ಕಸೂತಿಗೆ ಎರಡು ಮುಖದ ಅಂಚೇ ಬೇಕು.

ಹೀಗೆ ಹೇಳಿ ಅಕ್ಕ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇಳಿಸಲು ಹೇಳಿದಳು. ಲೇಸಿನ ಹೊಲಿಗೆಯನ್ನು ಬೆರಳಿನಿಂದಲೇ ಹುಡುಕಿ ಸೂಜಿಯ ತುದಿಯಿಂದ ಒಂದೊಂದಾಗಿ ಬಿಡಿಸಿದಳು. ಬಟ್ಟೆಯನ್ನು ನೆನೆಹಾಕಿಸಿ, ಒಣಗಿಸಿ, ಇಸ್ತ್ರಿ ಮಾಡಿಸಿದಳು. ಮರುದಿನ ಕೆಲಸ ಮೊದಲಾಯಿತು. ಕಾಣದ ಕಣ್ಣಿಗೆ ಗೆರೆ ಹೇಗೆ ಸಿಕ್ಕೀತು ಎಂದು ನಾನು ಯೋಚಿಸುತ್ತಿದ್ದೆ. ಅಕ್ಕ ಗೆರೆ ಎಳೆಯಲಿಲ್ಲ. ಅಂಚಿನಿಂದ ಅರ್ಧ ಅಂಗುಲ ಒಳಗೆ ಬಟ್ಟೆಯ ಒಂದೇ ಒಂದು ಎಳೆಯನ್ನು ಮೊಮ್ಮಗಳಿಂದ ಹೊರಕ್ಕೆ ಎಳೆಸಿದಳು. ಎಳೆ ಹೋದ ಜಾಗದಲ್ಲಿ ಸಣ್ಣದೊಂದು ಕಾಲುವೆ ಉಳಿಯುತ್ತದೆ. ಅದು ಕಣ್ಣಿಗೆ ಕಂಡರೂ ಸರಿ, ಉಗುರಿಗೆ ಸಿಕ್ಕರೂ ಸರಿ. ನೇಕಾರನು ಹಾಸಿದ ಎಳೆಯ ದಾರಿಯೇ ಆದ್ದರಿಂದ ಅದು ಎಂದಿಗೂ ಸೊಟ್ಟಾಗುವುದಿಲ್ಲ. ಬಟ್ಟೆ ಆ ಕಾಲುವೆಯ ಗುಂಟ ತಾನಾಗಿ ಮಡಿಯುತ್ತದೆ. ಮೂಲೆಯಲ್ಲಿ ಮಡಿಕೆಯ ಮೇಲೆ ಮಡಿಕೆ ಬಿದ್ದು ದಪ್ಪವಾಗದಂತೆ ತುದಿಯನ್ನು ಓರೆಯಾಗಿ ಕತ್ತರಿಸಿ, ಎರಡು ಬದಿಯ ಮಡಿಕೆಗಳು ಓರೆಗೆರೆಯಲ್ಲಿ ಒಂದಕ್ಕೊಂದು ಮುಖ ಕೊಡುವಂತೆ ಕೂಡಿಸಿದಳು.

ಮಡಿಸಿದ ಬದಿಗೆ ಕಾಜಾ ಹೊಲಿಗೆ. ಅಂಗಿಯ ಗುಂಡಿಯ ಮನೆಗೆ ಹಾಕುವ ಹೊಲಿಗೆಯೇ ಅದು. ಪ್ರತಿ ಸಲ ಸೂಜಿ ಮೇಲೆ ಬರುವಾಗ ದಾರದ ಕುಣಿಕೆಯೊಳಗಿಂದ ಬರುತ್ತದೆ. ಅದರಿಂದ ಅಂಚಿನ ಮೇಲೆ ಒಂದು ಸಣ್ಣ ಹುರಿ ಕಟ್ಟಿದಂತಾಗುತ್ತದೆ, ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ ತೆರನಾಗಿ ಕಾಣುತ್ತದೆ. ಒಂದು ಹೊಲಿಗೆಗೂ ಇನ್ನೊಂದಕ್ಕೂ ನಡುವಿನ ಅಂತರವನ್ನು ಅಕ್ಕ ಎಡಗೈಯ ಹೆಬ್ಬೆರಳಿನ ಉಗುರಿನಿಂದ ಅಳೆಯುತ್ತಿದ್ದಳು. ಸೂಜಿಗೆ ದಾರ ಪೋಣಿಸುವುದು ಅವಳಿಂದ ಆಗದು. ಮೊಮ್ಮಗಳು ಬೆಳಿಗ್ಗೆ ಹನ್ನೆರಡು ಸೂಜಿಗಳಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿ ಇಡುತ್ತಿದ್ದಳು. ಕೊನೆಗೆ ನಾಲ್ಕು ಮೂಲೆಗೆ ನಾಲ್ಕು ಗೊಂಡೆ. ಎರಡು ಬೆರಳಿಗೆ ದಾರವನ್ನು ಮೂವತ್ತು ಸುತ್ತು ಸುತ್ತಿ, ಮೇಲೆ ಕಟ್ಟಿ, ಕೊರಳಿಗೆ ನಾಲ್ಕು ಸುತ್ತು ಬಿಗಿದು, ಕೆಳಗೆ ಕತ್ತರಿಸಿದರೆ ಗೊಂಡೆಯಾಯಿತು. ಇದಕ್ಕೆ ಕಣ್ಣೇ ಬೇಡ. ಐದು ದಿನದಲ್ಲಿ ಚೌಕ ಮುಗಿಯಿತು. ಗೋಪುರಗಳು ನೆಟ್ಟಗೆ ನಿಂತವು. ಅಕ್ಕ ಅದನ್ನು ಮಡಿಲಿನಲ್ಲಿ ಹರಡಿಕೊಂಡು ಬಹಳ ಹೊತ್ತು ಅಂಚನ್ನು ಸವರುತ್ತ ಕುಳಿತಿದ್ದಳು. ಕಸೂತಿ ಕಣ್ಣಿನ ಕೆಲಸ, ಅಂಚು ಕೈಯ ಕೆಲಸ. ಕಣ್ಣು ಹೋದ ಮೇಲೂ ಕೈ ಉಳಿದಿದೆ ಎಂಬುದು ಅವಳಿಗೆ ಆ ಹೊತ್ತಿನಲ್ಲಿ ತಿಳಿದಿರಬೇಕು. ಪೆಟ್ಟಿಗೆ ಮತ್ತೆ ಅಟ್ಟಕ್ಕೆ ಹೋಗಲಿಲ್ಲ.

ಅಂಚಿಗೆ ಇಂಥ ಗೌರವ ಕೊಟ್ಟವರು ನಮ್ಮಕ್ಕನೊಬ್ಬಳೇ ಅಲ್ಲ. ಕಣ್ಣು ತೆರೆದು ನೋಡತೊಡಗಿದ ಮೇಲೆ ನಮ್ಮ ನಾಡಿನಲ್ಲಿಯೇ ಎರಡು ನಿದರ್ಶನಗಳು ನನಗೆ ಸಿಕ್ಕವು. ಒಂದು, ಸಂಡೂರಿನ ಕಡೆಯ ಲಂಬಾಣಿ ಹೆಣ್ಣುಮಕ್ಕಳ ಕೆಲಸ. ನೀರಿನ ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಸಿಂಬಿಗೆ ಅವರು ಕಸೂತಿಯ ಒಂದು ತುಂಡನ್ನು ಹಿಂದಕ್ಕೆ ಇಳಿಬೀಳುವಂತೆ ಕೂಡಿಸುತ್ತಾರೆ. ಅದರ ಅಂಚಿನಲ್ಲಿ ಕವಡೆಗಳ ಸಾಲು, ಉಣ್ಣೆಯ ಗೊಂಡೆಗಳು. ಒಂದು ಕಾಲಕ್ಕೆ ಎತ್ತುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೇರಿಕೊಂಡು ದೇಶದ ಉದ್ದಗಲ ತಿರುಗಿದ ಜನ ಅವರು. ಕವಡೆ ಒಂದು ಕಾಲಕ್ಕೆ ನಾಣ್ಯವಾಗಿ ನಡೆದದ್ದು. ಆ ಕವಡೆ ಕಡಲಿನಿಂದ ದೂರದ ತಾಂಡಾದ ಬಟ್ಟೆಯ ಅಂಚಿನಲ್ಲಿ ಕುಳಿತಿದೆ. ಅದರ ಭಾರದಿಂದ ಬಟ್ಟೆ ಗಾಳಿಗೆ ಹಾರದೆ ನೆಟ್ಟಗೆ ಇಳಿಯುತ್ತದೆ. ಇಲ್ಲಿಯೂ ಅಲಂಕಾರಕ್ಕೆ ಒಂದು ಕೆಲಸವಿದೆ. 2023ರ ಜುಲೈ ತಿಂಗಳಿನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಲಂಬಾಣಿ ಕಸೂತಿಯ 1755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿದ್ದು ಗಿನ್ನೆಸ್ ದಾಖಲೆಯಾಯಿತು.

ಇನ್ನೊಂದು, ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿ. ಹಳೆಯ ಸೀರೆ ಬಟ್ಟೆಗಳ ತುಂಡುಗಳನ್ನು ಕೂಡಿಸಿ ಅವರು ಹೊಲಿಯುವ ಕೌದಿ ಕಸೂತಿಗಿಂತ ದೊಡ್ಡದು ನಿಜ. ಆದರೆ ಅದರಲ್ಲಿ ನನ್ನ ಅಂದಿನ ಮಾತಿಗೆ ನೇರವಾದ ಉತ್ತರವಿದೆ. ಅಂಚು ಎಲ್ಲ ಮುಗಿದ ಮೇಲೆ ಹಾಕುವುದು ಎಂದು ನಾನು ಅಕ್ಕನಿಗೆ ಹೇಳಿದ್ದೆನಲ್ಲ? ಸಿದ್ದಿ ಹೆಣ್ಣುಮಗಳು ಹೊಲಿಗೆಯನ್ನು ಮೊದಲು ಮಾಡುವುದೇ ಅಂಚಿನಿಂದ. ಒಂದು ಮೂಲೆಯಲ್ಲಿ ಸೂಜಿ ಹಾಕಿ, ಸುತ್ತಲೂ ಬಂದು, ಸುತ್ತಿನ ಒಳಗೆ ಸುತ್ತಾಗಿ ನಡುವನ್ನು ಮುಟ್ಟುತ್ತಾಳೆ. ಕೊನೆಯಲ್ಲಿ ಮೂಲೆಗಳಿಗೆ ಬಟ್ಟೆಯನ್ನು ಮುಕ್ಕೋನವಾಗಿ ಮಡಿಸಿದ ‘ಫೂಲ್’, ಎಂದರೆ ಹೂವನ್ನು ಹೊಲಿಯುತ್ತಾಳೆ. ಆ ಹೂವಿಲ್ಲದ ಕೌದಿಯನ್ನು ಅವರು ಬೆತ್ತಲೆ ಎನ್ನುತ್ತಾರೆ. ಅಂಚಿನ ಮಹತ್ವವನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳುವುದು ನನ್ನಿಂದ ಸಾಧ್ಯವಿಲ್ಲ.

ಇಷ್ಟು ಮುಖ್ಯವಾದ ಕೆಲಸಕ್ಕೆ ಬೆಲೆ ಏನು? ಈಗ ನಾನು ಕಥೆಯ ಕಹಿಯಾದ ಭಾಗಕ್ಕೆ ಬಂದಿದ್ದೇನೆ. ಅಕ್ಕ ಅಂಚು ಹಾಕುತ್ತಾಳೆಂಬ ಸುದ್ದಿ ಓಣಿಯಲ್ಲಿ ಹರಡಿತು. ಓಣಿಯ ಆರೇಳು ಮಂದಿ ಹೆಣ್ಣುಮಕ್ಕಳು ಒಬ್ಬ ವ್ಯಾಪಾರಿಗಾಗಿ ಕಸೂತಿ ಹಾಕುತ್ತಿದ್ದರು. ಅವರು ತಮ್ಮ ಚೌಕಗಳನ್ನು ಅಕ್ಕನ ಕಡೆಗೆ ತರತೊಡಗಿದರು. ವ್ಯಾಪಾರಿ ಕೂಲಿ ಕೊಡುತ್ತಿದ್ದದ್ದು ಚಿತ್ತಾರದ ಲೆಕ್ಕದಲ್ಲಿ: ಗೋಪುರಕ್ಕೆ ಇಷ್ಟು, ತೇರಿಗೆ ಇಷ್ಟು, ಆನೆಗೆ ಇಷ್ಟು. ಅಂಚಿಗೆ ಏನೂ ಇಲ್ಲ. ಕೇಳಿದರೆ, “ಅದು ಅದರಾಗ ಬಂತಲ್ರೀ” ಎಂಬ ಉತ್ತರ. ಒಂದು ಚೌಕಕ್ಕೆ ಚಿತ್ತಾರ ಹಾಕಲು ಮೂರು ದಿನ ಬೇಕಾದರೆ ಅಂಚಿಗೆ ಒಂದೂವರೆ ದಿನ ಬೇಕು. ಆ ಒಂದೂವರೆ ದಿನ ಯಾವ ಪುಸ್ತಕದಲ್ಲಿಯೂ ಬರೆದಿರುವುದಿಲ್ಲ.

ಇದು ಒಂದು ಓಣಿಯ ಕಥೆ ಮಾತ್ರ ಎಂದು ತಿಳಿಯಬಾರದು. ನಮ್ಮ ದಕ್ಷಿಣ ದೇಶದಲ್ಲಿ ಲೇಸಿನ ವಿದ್ಯೆ ಹರಡಿದ್ದು ಪಾದ್ರಿಗಳ ಮನೆಯ ಹೆಂಗಸರಿಂದ. ನಾಗರಕೋಯಿಲಿನಲ್ಲಿ 1820ರ ದಶಕದಲ್ಲಿಯೇ ಮಾರ್ಥಾ ಮಾಲ್ಟ್ ಎಂಬಾಕೆ ಹೆಣ್ಣುಮಕ್ಕಳಿಗೆ ಲೇಸು ಹೆಣೆಯುವುದನ್ನು ಕಲಿಸಿದಳು. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದ ಸುತ್ತ ಕೊಕ್ಕೆಸೂಜಿಯ ಲೇಸು ದೊಡ್ಡ ಕಸುಬಾಗಿ ಬೆಳೆಯಿತು; ಅಲ್ಲಿಯ ಲೇಸು ಪರದೇಶಗಳ ಮೇಜು ಮಂಚಗಳನ್ನು ಸೇರಿತು. ಜರ್ಮನಿಯ ಮರಿಯಾ ಮೀಸ್ ಎಂಬ ವಿದುಷಿ ಆ ಹೆಣ್ಣುಮಕ್ಕಳ ನಡುವೆ ಓಡಾಡಿ ಬರೆದ ಪುಸ್ತಕ 1982ರಲ್ಲಿ ಹೊರಬಂದಿತು. ಲೋಕದ ಮಾರುಕಟ್ಟೆಗೆ ದುಡಿಯುವ ಅವರನ್ನು ಯಾರೂ ಕೆಲಸಗಾರರೆಂದು ಕರೆಯುವುದಿಲ್ಲ, ಮನೆಯಲ್ಲಿ ಕುಳಿತ ಗೃಹಿಣಿಯರು ಬಿಡುವಿನಲ್ಲಿ ಮಾಡುವ ಕೆಲಸ ಎನ್ನುತ್ತಾರೆ, ಆ ಹೆಸರಿನಿಂದಲೇ ಕೂಲಿ ಇಳಿಯುತ್ತದೆ ಎಂಬುದು ಆಕೆ ತೋರಿಸಿಕೊಟ್ಟ ಮುಖ್ಯ ಸಂಗತಿ. ಬಿಡುವಿನ ಕೆಲಸ, ಅಂಚಿನ ಕೆಲಸ, ಮುಗಿದ ಮೇಲಿನ ಕೆಲಸ! ಆ ಪುಸ್ತಕವನ್ನು ಓದುತ್ತಿರುವಾಗ ನನಗೆ ನಾಚಿಕೆಯಾಯಿತು. ವ್ಯಾಪಾರಿಯೂ ನಾನೂ ಅಕ್ಕನಿಗೆ ಆಡಿದ ಮಾತು ಒಂದೇ ಆಗಿತ್ತು.

ಅಕ್ಕ ಪುಸ್ತಕ ಓದಿದವಳಲ್ಲ; ಆದರೆ ಅವಳ ಉಪಾಯ ಸರಳವಾಗಿತ್ತು. ಮುಂದಿನ ಸಲ ಇಪ್ಪತ್ತನಾಲ್ಕು ಚೌಕಗಳನ್ನು ಅಂಚಿಲ್ಲದೆಯೇ ಕಳಿಸಿರಿ ಎಂದು ಹುಡುಗಿಯರಿಗೆ ಹೇಳಿದಳು. ಎರಡೇ ದಿನದಲ್ಲಿ ವ್ಯಾಪಾರಿ ಗಂಟಿನೊಂದಿಗೆ ಬಾಗಿಲಿಗೆ ಬಂದ. “ಅಜ್ಜೀ, ಇದೇನ್ರೀ ಇದು? ಹಿಂಗ ಇದ್ರ ಯಾರೂ ತಗೊಳ್ಳೂದಿಲ್ರಿ” ಎಂದ. ಅಕ್ಕ ಅವನಿಗೆ ಕುಳಿತುಕೊಳ್ಳಲು ಹೇಳಿ ಚಹಾ ತರಿಸಿದಳು. ಆಮೇಲೆ ಕೇಳಿದಳು: “ಅಂಚು ಇಲ್ಲದ ಮಾರಾಟ ಆಗೂದಿಲ್ಲ ಅಂತ ನೀವ ಅಂತೀರಿ. ಹಂಗಾದ್ರ ಮಾರಾಟ ಮಾಡಸೂದು ಅಂಚು. ಅದಕ್ಕ ಬೆಲೆ ಇಲ್ಲಂದ್ರ ಹೆಂಗಪಾ?” ಅವನು ಚಹಾ ಕುಡಿದು ಮುಗಿಸುವವರೆಗೆ ಮಾತನಾಡಲಿಲ್ಲ.

ಗೆಲುವು ಪೂರ್ತಿಯಾಗಿ ಅಕ್ಕನದಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅವನು ಅಂಚಿಗೆ ಬೇರೆ ಕೂಲಿ ಕೊಡಲು ಒಪ್ಪಿದ. ಆದರೆ ಗೋಪುರದ ಕೂಲಿಯಲ್ಲಿ ಸ್ವಲ್ಪ ಕಡಿದ. ಕೂಡಿಸಿ ಕಳೆದು ನೋಡಿದರೆ ಹುಡುಗಿಯರ ಕೈಗೆ ಹೆಚ್ಚಾಗಿ ಬಂದದ್ದು ಬಹಳವಲ್ಲ. ಅವರಲ್ಲಿ ಇಬ್ಬರು ಅವನನ್ನು ಬಿಟ್ಟು ತಾವೇ ಮಾರುವ ದಾರಿ ಹುಡುಕಿಕೊಂಡರು. ಉಳಿದವರ ಚೌಕಾಶಿ ಇನ್ನೂ ನಡೆದಿದೆ. ಆದರೂ ಒಂದು ಬದಲಾವಣೆಯಾಯಿತು. ವ್ಯಾಪಾರಿ ಕೊಡುವ ಚೀಟಿಯಲ್ಲಿ ಹೊಸದೊಂದು ಸಾಲು ಬಂದಿತು: ‘ಅಂಚು, ಚೌಕ ಇಪ್ಪತ್ತನಾಲ್ಕು’, ಅದರ ಮುಂದೆ ಒಂದು ಮೊತ್ತ. ಆ ಚೀಟಿಯನ್ನು ಅಕ್ಕ ನನ್ನ ಕೈಗೆ ಕೊಟ್ಟು ಓದಿಸಿದಳು. ಆ ಸಾಲು ಬಂದಾಗ, “ಇನ್ನೊಮ್ಮೆ ಓದು” ಎಂದಳು. ಮೊತ್ತವನ್ನು ಕೇಳಲಿಲ್ಲ. ಹೆಸರನ್ನು ಎರಡು ಸಲ ಕೇಳಿದಳು.

ಸಾಹಿತ್ಯದ ಓದುಗರಾದ ನಿಮಗೆ ಇದರಲ್ಲಿ ಹೊಸದೇನೂ ಇರಲಾರದು. ವಚನಗಳ ಕೊನೆಯಲ್ಲಿ ಬರುವ ಅಂಕಿತವನ್ನು ಅಲಂಕಾರವೆಂದು ಯಾರು ಹೇಳಿಯಾರು? ಅದು ವಚನದ ಕರೆ. ಅಲ್ಲಿಗೆ ಬಂದು ಮಾತು ತಿರುಗಿ ತನ್ನೊಳಗೆ ಹೋಗುತ್ತದೆ. ಓಲೆಗರಿಯ ಹಸ್ತಪ್ರತಿಗಳನ್ನು ಕೈಯಲ್ಲಿ ಹಿಡಿದವರಿಗೆ ಇನ್ನೊಂದು ಸಂಗತಿಯೂ ಗೊತ್ತು. ಗರಿ ಮೊದಲು ಮುರಿಯುವುದು ಅಂಚಿನಲ್ಲಿ. ಅಲ್ಲಿದ್ದ ಎರಡು ಅಕ್ಷರ ಉದುರಿದರೆ ನಡುವಿನ ಪದ್ಯವೆಲ್ಲ ಸಂದೇಹಕ್ಕೆ ಬೀಳುತ್ತದೆ. ಆ ಎರಡು ಅಕ್ಷರಗಳಿಗಾಗಿ ಸಂಪಾದಕರು ವರ್ಷಗಟ್ಟಲೆ ಬೇರೆ ಪ್ರತಿಗಳನ್ನು ಹುಡುಕುತ್ತಾರೆ. ಇದನ್ನೆಲ್ಲ ತರಗತಿಯಲ್ಲಿ ನಾನೇ ಹೇಳಿದವನು. ಮನೆಯ ಪಡಸಾಲೆಯಲ್ಲಿ ಅಕ್ಕನ ಕೈಯಲ್ಲಿದ್ದ ಕುಂಚಿಗೆಗೆ ಅದನ್ನು ಹೊಂದಿಸಿ ನೋಡುವ ಬುದ್ಧಿ ಮಾತ್ರ ಬರಲು ಮೂವತ್ತು ವರ್ಷ ಬೇಕಾಯಿತು.

ನಿಮ್ಮ ಮನೆಗಳಲ್ಲಿಯೂ ತಾಯಿಯೋ ಅತ್ತೆಯೋ ಅಜ್ಜಿಯೋ ಹೊಲಿದ ಇಂಥ ಒಂದು ವಸ್ತ್ರ ಪೆಟ್ಟಿಗೆಯ ತಳದಲ್ಲಿ ಇರಬಹುದು. ಅದನ್ನು ತೆಗೆದು ನೋಡುವಾಗ ನಡುವಿನ ನವಿಲನ್ನು ನೋಡಿ ಸಂತೋಷಪಡಿರಿ. ಆಮೇಲೆ ಕಣ್ಣು ಮುಚ್ಚಿ ಅಂಚಿನ ಗುಂಟ ಒಂದು ಸಲ ಬೆರಳಾಡಿಸಿರಿ. ಎಲ್ಲಿಯಾದರೂ ಬಿಚ್ಚಿದ್ದರೆ ಇಂದೇ ಎರಡು ಹೊಲಿಗೆ ಹಾಕಿಸಿರಿ. ನಾಳೆಗೆ ಬಿಟ್ಟರೆ ಅದು ಒಳಗೆ ನುಗ್ಗುತ್ತದೆ. ಹೊಸದನ್ನು ಕೊಂಡುಕೊಳ್ಳುವಾಗ ಅಂಚು ಹಾಕಿದವರಿಗೆ ಎಷ್ಟು ಸಂದಿತು ಎಂದು ಅಂಗಡಿಯವರನ್ನು ಒಂದು ಮಾತು ಕೇಳಿರಿ. ಉತ್ತರ ಬಾರದಿದ್ದರೂ ಕೇಳಿರಿ.

ಅಕ್ಕ ಈ ಹೊತ್ತು ಮನೆಯಲ್ಲಿ ರೇಡಿಯೋದ ಮುಂದೆ ಕುಳಿತಿದ್ದಾಳೆ. ಕೈಯಲ್ಲಿ ಯಾರದೋ ಕೂಸಿನ ಕುಂಚಿಗೆ ಇದ್ದೇ ಇರುತ್ತದೆ. ಅಕ್ಕಾ, ಅಂದು ಬರೆಯದೆ ಬಿಟ್ಟದ್ದನ್ನು ಇಂದು ಹೇಳಿದ್ದೇನೆ. ತಪ್ಪಿದ್ದರೆ ಮನೆಗೆ ಬಂದಾಗ ಬಿಚ್ಚಿಸು.